ಎರಡು ಕೌಂಟರ್, ಒಂದೇ ಕನೆಕ್ಷನ್

ಬಸವಕಲ್ಯಾಣದ ಆ ಲ್ಯಾಬಿನಲ್ಲಿ ಎರಡನೇ ಕೌಂಟರ್ ಶುರುವಾದ ಬೆಳಿಗ್ಗೆ ನನಗೊಂದು ಶಾಲು ಹೊದಿಸಿದ್ದರು. ಲ್ಯಾಬಿನ ಮಾಲೀಕರಾದ ಹಿರಿಯ ಡಾಕ್ಟರು, ರಕ್ತ ಕೊಡಲು ಬಂದು ಕೂತಿದ್ದವರ ಎದುರಿಗೇ ನನ್ನನ್ನು ಕರೆದು ನಿಲ್ಲಿಸಿ, "ಇವರು ನಮ್ಮ ಹುಮನಾಬಾದದವರೇ. ಈ ಕಂಪ್ಯೂಟರ್ ವ್ಯವಸ್ಥಾ ಪೂರಾ ಇವರೇ ಮಾಡ್ಯಾರ. ಹೊರಗಿನವರನ್ನ ಕರಸೋ ಜರೂರತ್ತೇ ಬೀಳಲಿಲ್ಲ," ಅಂದರು. ಖಾಲಿ ಹೊಟ್ಟೆಯಲ್ಲಿ ಕೂತಿದ್ದ ಜನ ಕಾಟಾಚಾರಕ್ಕೆ ಚಪ್ಪಾಳೆ ತಟ್ಟಿದರು. ಮನಸಾರೆ ತಟ್ಟಿದವರು ಒಬ್ಬರೇ, ರಕ್ತ ತೆಗೆಯುವ ಕೋಣೆಯ ಬಾಗಿಲಲ್ಲಿ ನಿಂತಿದ್ದ ಟೆಕ್ನಿಷಿಯನ್. ಕೈಗವಸು ಹಾಕಿಕೊಂಡೇ ತಟ್ಟಿದ್ದರಿಂದ ಸಪ್ಪಳ ವಿಚಿತ್ರವಾಗಿ ಬಂತು, ಅದಕ್ಕೆ ಅವರೇ ನಕ್ಕರು. ಆ ಹೆಂಗಸಿಗೆ ನಾನು ಮಾಡಿದ್ದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಬರೆಯಲಾಗದೆ ಎದ್ದಿದ್ದೇನೆ.

ನಾನು ಹುಮನಾಬಾದಿನ ಒಂದು ಕಾಲೇಜಿನಲ್ಲಿ ಮಧ್ಯಾಹ್ನದ ಪಾಳಿಯಲ್ಲಿ ಕಂಪ್ಯೂಟರ್ ಪಾಠ ಮಾಡುತ್ತೇನೆ. ಬೆಳಗಿನ ಹೊತ್ತು ಬಿಡುವಿರುತ್ತದೆ. ಆ ಬಿಡುವಿನಲ್ಲಿ ಔಷಧಿ ಅಂಗಡಿಗೆ, ಬೀಜದ ಅಂಗಡಿಗೆ, ಗ್ರಂಥಾಲಯಕ್ಕೆ ಅಂತ ಸಣ್ಣಪುಟ್ಟ ಪ್ರೋಗ್ರಾಮುಗಳನ್ನು ಬರೆದುಕೊಡುತ್ತಿದ್ದೆ. ಯಾರೋ ಹೇಳಿ ಡಾಕ್ಟರು ನನ್ನನ್ನು ಕರೆಸಿದರು. ಅಲ್ಲಿಯವರೆಗೆ ಲ್ಯಾಬಿನ ಕೆಲಸವೆಲ್ಲ ಕೈಬರಹದಲ್ಲಿ ನಡೆಯುತ್ತಿತ್ತು, ಮತ್ತು ಬಹುಪಾಲು ಒಬ್ಬರ ಕೈಬರಹದಲ್ಲಿ. ಟೆಕ್ನಿಷಿಯನ್ ಚಿಟಗುಪ್ಪದವರು. ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದಾಗಿನಿಂದ ಅದೇ ಲ್ಯಾಬಿನಲ್ಲಿದ್ದರು. ಹದಿನೆಂಟು ವರ್ಷ. ಸೂಜಿಗೆ ಹೆದರುವವರು ಬಾಗಿಲಲ್ಲಿ ನಿಂತು "ಅಕ್ಕಾರು ಅದಾರೇನ್ರಿ?" ಎಂದು ಕೇಳಿ, ಇದ್ದಾರೆ ಅಂದರೆ ಮಾತ್ರ ಒಳಗೆ ಬರುತ್ತಿದ್ದರು. ನಾನೂ ಅವರನ್ನು ಅಕ್ಕಾರು ಎಂದೇ ಕರೆಯುತ್ತಿದ್ದೆ. ಅವರು ಮಾತ್ರ, ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವರಾದರೂ, ನನ್ನನ್ನು ಮೇಡಂ ಅನ್ನುತ್ತಿದ್ದರು.

ನಾನು ಮಾಡಿದ ವ್ಯವಸ್ಥೆ ಹೀಗಿತ್ತು. ಬಂದವರ ಹೆಸರು, ಊರು, ವಯಸ್ಸನ್ನು ಕೌಂಟರಿನಲ್ಲಿ ತುಂಬಿಸಿದರೆ ಒಂದು ಸಣ್ಣ ಪ್ರಿಂಟರಿನಿಂದ ಸಂಖ್ಯೆಯಿರುವ ಅಂಟುಚೀಟಿ ಬರುತ್ತದೆ. ಆ ಚೀಟಿ ಹಿಡಿದು ಅವರು ಅಕ್ಕಾರ ಹತ್ತಿರ ಹೋಗುತ್ತಾರೆ. ಅಕ್ಕಾರು ರಕ್ತ ತೆಗೆದು, ಚೀಟಿಯನ್ನು ಟ್ಯೂಬಿಗೆ ಹಚ್ಚಿ, ಹೆಸರು ಕೇಳಿ ಪೆನ್ನಿನಿಂದ ಅದರ ಮೇಲೆ ಬರೆಯುತ್ತಾರೆ. ಪರೀಕ್ಷೆ ಮಾಡುವ ಯಂತ್ರಕ್ಕೆ ಹೆಸರು ಬೇಕಿಲ್ಲ, ಸಂಖ್ಯೆ ಸಾಕು. ಅದು ಫಲಿತಾಂಶವನ್ನು ಸಂಖ್ಯೆಯ ಜೊತೆ ಕಂಪ್ಯೂಟರಿಗೆ ಕಳಿಸುತ್ತದೆ. ಯಾವ ಸಂಖ್ಯೆ ಯಾರದ್ದು ಎಂಬುದು ನನ್ನ ಡೇಟಾಬೇಸಿನಲ್ಲಿ ಇರುತ್ತದೆ. ಇಷ್ಟಾದರೂ ಅಕ್ಕಾರು ತಮ್ಮ ಹಳೆಯ ರಿಜಿಸ್ಟರನ್ನು ಬಿಡಲಿಲ್ಲ. ಪ್ರತಿ ಟ್ಯೂಬಿನ ಸಂಖ್ಯೆ ಮತ್ತು ಹೆಸರನ್ನು ಅದರಲ್ಲೂ ಬರೆಯುತ್ತಿದ್ದರು. ಅದು ಬೇಕಾಗಿಲ್ಲ ಎಂದು ನಾನು ಎರಡು ಸಲ ಹೇಳಿದ್ದೆ. "ಇರ್ಲಿ ಬಿಡ್ರಿ ಮೇಡಂ, ಕೈಗೆ ರೂಢಿ ಆಗ್ಯದ," ಅಂದಿದ್ದರು.

ಡೇಟಾಬೇಸ್ ಎಂದರೆ ದೊಡ್ಡದೇನಲ್ಲ. ಬೇರೆ ಯಂತ್ರ, ಬೇರೆ ಸರ್ವರ್ ಯಾವುದೂ ಬೇಡದ, ಪ್ರೋಗ್ರಾಮಿನ ಒಳಗೇ ಸೇರಿಕೊಂಡಿರುವ ಬಗೆಯದ್ದು. ಎಲ್ಲ ಮಾಹಿತಿಯೂ ಒಂದೇ ಫೈಲಿನಲ್ಲಿ. ಮೊಬೈಲ್ ಫೋನುಗಳ ಒಳಗೂ ಇಂಥವೇ ಇರುತ್ತವೆ. ಒಂದು ಕೌಂಟರ್ ಇರುವ ತನಕ ಅದು ಚೆನ್ನಾಗಿಯೇ ನಡೆಯಿತು. ಎರಡನೇ ಕೌಂಟರ್ ಬಂದ ಮೇಲೆ ಕಥೆ ಬೇರೆಯಾಯಿತು. ಪ್ರತಿ ಕೌಂಟರಿನ ಕೆಲಸವನ್ನು ನನ್ನ ಪ್ರೋಗ್ರಾಮು ಒಂದೊಂದು ಥ್ರೆಡ್ಡಿಗೆ ವಹಿಸುತ್ತಿತ್ತು. ಥ್ರೆಡ್ ಎಂದರೆ ಒಂದೇ ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ನಡೆಯುವ ಬೇರೆಬೇರೆ ಕೆಲಸದ ಎಳೆಗಳು. ಡೇಟಾಬೇಸ್ ಮುಟ್ಟಬೇಕಾದರೆ ಒಂದು ಕನೆಕ್ಷನ್ ತೆರೆಯಬೇಕು, ಮತ್ತು ಪ್ರತಿ ಥ್ರೆಡ್ಡೂ ತನ್ನದೇ ಕನೆಕ್ಷನ್ ಇಟ್ಟುಕೊಳ್ಳಬೇಕು. ಇದು ಹೊಸ ಸಂಗತಿಯಲ್ಲ, ಕಾಲೇಜಿನಲ್ಲಿ ನಾನೇ ಪಾಠ ಮಾಡುವ ಸಂಗತಿ.

ಮೊದಲು ಹಾಗೆಯೇ ಬರೆದಿದ್ದೆ. ಆದರೆ ಒಬ್ಬರು ಬರೆಯುವಾಗ ಇನ್ನೊಬ್ಬರು ಕಾಯಬೇಕು ಎಂಬುದು ಇಂಥ ಡೇಟಾಬೇಸಿನ ನಿಯಮ. ನಾನು ಬರವಣಿಗೆಯನ್ನು ಶುರುಮಾಡಿ, ಚೀಟಿ ಪ್ರಿಂಟ್ ಆಗುವ ತನಕ ಬಾಗಿಲು ಹಾಕಿಕೊಂಡು ಕೂರುವ ಹಾಗೆ ಬರೆದಿದ್ದೆ. ಹಾಗಾಗಿ ಪ್ರಯೋಗದ ಮೊದಲ ದಿನವೇ ಎರಡನೇ ಕೌಂಟರಿನಲ್ಲಿ "ಡೇಟಾಬೇಸ್ ಲಾಕ್ ಆಗಿದೆ" ಎಂಬ ಸಂದೇಶ ಮತ್ತೆ ಮತ್ತೆ ಬಂತು. ಮಾಡಬೇಕಾದದ್ದು ಸರಳವಿತ್ತು. ಬರೆಯುವ ಕೆಲಸವನ್ನು ಚಿಕ್ಕದು ಮಾಡಿ, ಲಾಕ್ ಇದ್ದರೆ ಸ್ವಲ್ಪ ಹೊತ್ತು ಕಾಯಿ ಎಂದು ಪ್ರೋಗ್ರಾಮಿಗೆ ಹೇಳಿದರೆ ಸಾಕಿತ್ತು. ಅದಕ್ಕೆ ಎರಡು ದಿನ ಬೇಕಿತ್ತು. ಡಾಕ್ಟರು ಮರುದಿನದ ಉದ್ಘಾಟನೆಗೆ ಪೇಢಾ ತರಿಸಿಬಿಟ್ಟಿದ್ದರು.

ನಾನು ಎಲ್ಲ ಥ್ರೆಡ್ಡುಗಳಿಗೂ ಸೇರಿ ಒಂದೇ ಕನೆಕ್ಷನ್ ಇಟ್ಟೆ. ಕೂಡಲೇ ಒಂದು ಎಚ್ಚರಿಕೆ ಬಂತು: ಒಂದು ಥ್ರೆಡ್ಡಿನಲ್ಲಿ ತೆರೆದ ಕನೆಕ್ಷನ್ನನ್ನು ಇನ್ನೊಂದರಲ್ಲಿ ಬಳಸುವಂತಿಲ್ಲ. ಆ ಎಚ್ಚರಿಕೆಯನ್ನು ಬಂದ್ ಮಾಡುವುದಕ್ಕೂ ಒಂದು ಸಾಲು ಇದೆ. ಬಂದ್ ಮಾಡಿದರೆ ಜವಾಬ್ದಾರಿ ನಿಮ್ಮದು, ಒಂದು ಹೊತ್ತಿಗೆ ಒಂದೇ ಥ್ರೆಡ್ ಬಳಸುವ ಹಾಗೆ ನೀವೇ ಕಾವಲು ಹಾಕಿಕೊಳ್ಳಬೇಕು ಎಂದು ಅದರ ಪಕ್ಕದಲ್ಲೇ ಬರೆದಿರುತ್ತದೆ. ನಾನು ಅದನ್ನು ಓದಿದೆ. ಓದಿರಲಿಲ್ಲ ಎಂದು ಹೇಳಿಕೊಳ್ಳಲು ಆಗುವುದಿಲ್ಲ. ಎಚ್ಚರಿಕೆ ಬಂದ್ ಮಾಡಿದೆ, ಕಾವಲು ಹಾಕಲಿಲ್ಲ. ಮನೆಯಲ್ಲಿ ನಾನೊಬ್ಬಳೇ ಕೂತು ಹತ್ತು ಸುಳ್ಳು ಹೆಸರುಗಳನ್ನು ಒಂದಾದ ಮೇಲೊಂದರಂತೆ ತುಂಬಿಸಿ ನೋಡಿದೆ. ಎಲ್ಲ ಸರಿಯಾಗಿತ್ತು. ಎರಡು ಕೌಂಟರಿನಲ್ಲಿ ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ನೋಡಲು ಒಬ್ಬಳಿಂದ ಹೇಗೆ ಸಾಧ್ಯ? ಮರುದಿನ ಶಾಲು ಹೊದಿಸಿಕೊಂಡೆ.

ಹದಿನೈದು ದಿನ ಕಳೆದಿರಬೇಕು. "ಮೇಡಂ, ಒಬ್ಬರ ಟ್ಯೂಬ್ ಕಂಪ್ಯೂಟರದಾಗ ಕಾಣಾಕತ್ತಿಲ್ಲ," ಎಂದು ಕೌಂಟರಿನಿಂದ ಫೋನ್ ಬಂತು. ಕಂಪ್ಯೂಟರ್ ನೋಡಿದರೆ ಆ ಟ್ಯೂಬಿನ ಸಂಖ್ಯೆ ಬೇರೆ ಯಾರದೋ ಹೆಸರಿನಲ್ಲಿತ್ತು. ಟ್ಯೂಬಿನ ಮೇಲೆ ಅಕ್ಕಾರ ಅಕ್ಷರದಲ್ಲಿ ಇನ್ನೊಂದು ಹೆಸರು. ಚೀಟಿ ಹಚ್ಚುವಾಗ ಅದಲುಬದಲಾಗಿದೆ ಎಂದು ಎಲ್ಲರೂ ತೀರ್ಮಾನಿಸಿದರು. ಆ ಮನುಷ್ಯನಿಂದ ಮತ್ತೊಮ್ಮೆ ರಕ್ತ ತೆಗೆದರು. ಮುಂದಿನ ಮೂರು ತಿಂಗಳಲ್ಲಿ ಇದು ಆಗಾಗ ಆಯಿತು. ಪ್ರತಿ ಸಲವೂ ಬೆಳಗಿನ ಎಂಟು ಗಂಟೆಯ ನೂಕುನುಗ್ಗಲಿನಲ್ಲೇ. ಡಾಕ್ಟರು ಅಕ್ಕಾರನ್ನು ಮೊದಲು ಮೆಲ್ಲಗೆ, ಆಮೇಲೆ ಜನರ ಎದುರಿಗೆ ಗದರಿಸಿದರು. "ವಯಸ್ಸಾತು, ಕಣ್ಣು ತೋರಿಸ್ಕೊಂಡು ಬರ್ರಿ," ಅಂದರಂತೆ. ಅಕ್ಕಾರು ಬೀದರಿಗೆ ಹೋಗಿ ಹೊಸ ಕನ್ನಡಕ ಹಾಕಿಸಿಕೊಂಡು ಬಂದರು.

ಹಾಗಿರುವಾಗ ಮಂಠಾಳದ ಪ್ರಕರಣ ಆಯಿತು.

ಮಂಠಾಳದ ಒಬ್ಬ ಬಸುರಿ, ಏಳು ತಿಂಗಳು ತುಂಬಿದಾಕೆ, ಅತ್ತೆಯ ಜೊತೆ ಬಂದು ರಕ್ತ ಕೊಟ್ಟು ಹೋಗಿದ್ದಳು. ಹಿಮೋಗ್ಲೋಬಿನ್ ಚೆನ್ನಾಗಿದೆ ಎಂದು ವರದಿ ಬಂತು. ಸುಸ್ತು, ಕಣ್ಣು ಕತ್ತಲೆ ಬರುತ್ತದೆ ಎಂದು ಅವಳು ಹೇಳಿದಾಗ, ವರದಿ ನೋಡಿದವರೆಲ್ಲ ಬಸುರಿಯರಿಗೆ ಹಾಗಾಗುವುದೇ ಎಂದರು. ಎರಡು ವಾರದ ಮೇಲೆ ಅವಳು ಬಾವಿಯ ಹತ್ತಿರ ಕುಸಿದು ಬಿದ್ದಳು. ಬೀದರಿಗೆ ಒಯ್ದರು. ಅಲ್ಲಿ ಪರೀಕ್ಷೆ ಮಾಡಿದರೆ ಮೈಯಲ್ಲಿರಬೇಕಾದ ರಕ್ತದ ಅರ್ಧವೂ ಇರಲಿಲ್ಲ. ಬಾಟಲಿ ಬಾಟಲಿ ರಕ್ತ ಕೊಟ್ಟು ತಾಯಿಯನ್ನೂ ಮಗುವನ್ನೂ ಉಳಿಸಿಕೊಂಡರು. ಮಗು ದಿನ ತುಂಬುವ ಮೊದಲೇ ಹುಟ್ಟಿತು.

ಅತ್ತೆ ಆ ವರದಿಯನ್ನು ಹಿಡಿದುಕೊಂಡು ಲ್ಯಾಬಿಗೆ ಬಂದಳು. ಡಾಕ್ಟರು ನನಗೆ ಫೋನ್ ಮಾಡಿ ಕೂಡಲೇ ಬರಲು ಹೇಳಿದರು. ನಾನು ಹುಮನಾಬಾದಿನಿಂದ ಬಸ್ ಹಿಡಿದು ಹೋಗುವಷ್ಟರಲ್ಲಿ ಡಾಕ್ಟರ ಕೋಣೆಯಲ್ಲಿ ಅಕ್ಕಾರು ಗೋಡೆಗೆ ಆತು ನಿಂತಿದ್ದರು. ಅತ್ತೆ ಕುರ್ಚಿಯಲ್ಲಿ ಕೂತು ಅವರಿಗೆ ಬಾಯಿಗೆ ಬಂದಂತೆ ಅನ್ನುತ್ತಿದ್ದಳು.

"ನನ್ನ ಸೊಸಿ ಸತ್ತಿದ್ರ ಏನ್ ಮಾಡ್ತಿದ್ದಿ? ನಿನ್ನ ಕೈಗೆ ಹುಳ ಬೀಳ್ಲಿ!"

ಡಾಕ್ಟರು ನನ್ನ ಕಡೆ ತಿರುಗಿದರು. "ಮೇಡಂ, ಖರೇ ಹೇಳ್ರಿ. ಸಾಫ್ಟ್‌ವೇರ್‌ದಾಗ ಏನಾರ ಗಲತಿ ಆಗಿರಬಹುದಾ?"

ನಾನು ಲ್ಯಾಪ್‌ಟಾಪ್ ತೆರೆದೆ. ಅವಳ ವರದಿಯ ಪುಟ ತೆಗೆದೆ. ಕಾಗದದಲ್ಲಿ ಇದ್ದದ್ದೇ ಅಲ್ಲೂ ಇತ್ತು. ಅದರ ಹಿಂದಿನ ಪಟ್ಟಿಯನ್ನು ಒಂದು ನಿಮಿಷ ನೋಡಿದ್ದರೆ, ಒಂದೇ ಟ್ಯೂಬು ಕೊಟ್ಟ ಆ ಹೆಂಗಸಿನ ಹೆಸರಿನಲ್ಲಿ ಎರಡು ಟ್ಯೂಬು ಇರುವುದು ಕಾಣುತ್ತಿತ್ತು. ನಾನು ನೋಡಲಿಲ್ಲ. ನೋಡಬೇಕೆನ್ನಿಸಲಿಲ್ಲವೋ, ನೋಡಲು ಹೆದರಿದೆನೋ, ಇಂದಿಗೂ ಖಚಿತವಾಗಿ ಹೇಳಲಾರೆ. ಎಚ್ಚರಿಕೆ ಬಂದ್ ಮಾಡಿದ ಆ ಸಾಲು ನನಗೆ ಆ ಕ್ಷಣ ನೆನಪಾಯಿತು ಎಂಬುದು ಮಾತ್ರ ನಿಜ.

"ಇಲ್ರಿ ಸರ್," ಅಂದೆ. "ಕಂಪ್ಯೂಟರ್‌ಗೆ ಯಾವ ಸಂಖ್ಯಾ ಬಂತೋ ಅದನ್ನೇ ತೋರಿಸ್ತದ. ಟ್ಯೂಬಿಗೆ ಚೀಟಿ ಹಚ್ಚೋವಾಗೇ ತಪ್ಪಿರಬೇಕು."

ಅಕ್ಕಾರು ತಮ್ಮ ರಿಜಿಸ್ಟರನ್ನು ಮೇಜಿನ ಮೇಲೆ ಬಿಡಿಸಿ ಇಟ್ಟರು. "ನೋಡ್ರಿ ಮೇಡಂ. ಈ ನಂಬರ್ ಈಕಿದು. ಇದರ ಹಿಂದಿನ ನಂಬರ್ ನಿರ್ಣಾದಿಂದ ಬಂದಿದ್ದ ಒಬ್ಬರದು. ಅವರ ಟ್ಯೂಬೂ ಅವತ್ತ ಕಂಪ್ಯೂಟರದಾಗ ಸಿಕ್ಕಿಲ್ಲಂತ ಎರಡನೇ ಸಲ ರಕ್ತ ತಗೊಂಡೀನಿ. ನೀವೇ ವಿಚಾರ ಮಾಡ್ರಿ, ಎರಡೂ ಒಂದೇ ದಿನ ಆಗ್ಯಾವ."

ಅವರು ಕೈಯಿಟ್ಟು ತೋರಿಸುತ್ತಿದ್ದದ್ದು ಸರಿಯಾಗಿ ಉತ್ತರವನ್ನೇ. ಕಂಪ್ಯೂಟರ್ ಗೊತ್ತಿಲ್ಲದ ಹೆಂಗಸು ಅದನ್ನು ಕಂಡುಹಿಡಿದಿದ್ದರು. ನಾನು ಆ ರಿಜಿಸ್ಟರನ್ನು ಅವರ ಕಡೆಗೇ ಸರಿಸಿ, "ಅಕ್ಕಾರ, ಟ್ಯೂಬಿನ ಮ್ಯಾಲ ತಪ್ಪು ಬರದವರು ಇದರಾಗೂ ಅದನ್ನೇ ಬರದಿರ್ತಾರ್ರಿ," ಅಂದೆ. ಮೆಲ್ಲಗೆ, ಗೌರವದಿಂದಲೇ ಅಂದೆ. ಅವರು ನನ್ನನ್ನು ನೋಡಿದರು, ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡು ರಿಜಿಸ್ಟರ್ ಮುಚ್ಚಿದರು.

ಮರುದಿನದಿಂದ ಡಾಕ್ಟರು ಅವರನ್ನು ರಕ್ತ ತೆಗೆಯುವ ಕೋಣೆಗೆ ಬಿಡಲಿಲ್ಲ. ಟ್ಯೂಬು, ಸ್ಟ್ಯಾಂಡು ತೊಳೆಯುವ ಕೆಲಸ ಕೊಟ್ಟರು. ಅವರು ಒಂದು ವಾರ ತೊಳೆದು, ಎಂಟನೇ ದಿನ ಬರಲಿಲ್ಲ.

ಸತ್ಯ ತಿಳಿಯಲು ನನಗೆ ಮತ್ತೊಂದು ತಿಂಗಳು ಬೇಕಾಯಿತು. ಅವರ ಜಾಗಕ್ಕೆ ಬಂದ ಹೊಸ ಟೆಕ್ನಿಷಿಯನ್ ಒಂದು ಬೆಳಿಗ್ಗೆ ಫೋನ್ ಮಾಡಿದಳು. "ಮೇಡಂ, ಟ್ಯೂಬ್ ನನ್ನ ಕೈದಾಗ ಅದ. ಪೇಷಂಟ್ ನನ್ನ ಮುಂದ ನಿಂತಾರ. ಚೀಟಿನೂ ಅವರ ಮುಂದೇ ಹಚ್ಚೀನಿ. ಕಂಪ್ಯೂಟರ್ ಮಾತ್ರ ಇದು ಬ್ಯಾರೇದವರದು ಅನ್ನಾಕತ್ತದ. ಹ್ಯಾಂಗ್ರಿ ಇದು?"

ಮೊದಲು ಸಿಕ್ಕ ಬಸ್ ಹಿಡಿದೆ. ಲ್ಯಾಬಿಗೆ ಹೋಗಿ ಡೇಟಾಬೇಸಿನ ಒಳಗಿನ ಪಟ್ಟಿಯನ್ನು ತೆರೆದೆ. ಒಬ್ಬರ ಹೆಸರಿನಲ್ಲಿ ಎರಡು ಟ್ಯೂಬು. ಅವರಿಗಿಂತ ಒಂದು ಸಾಲು ಮೇಲಿದ್ದವರ ಹೆಸರಿನಲ್ಲಿ ಒಂದೂ ಇಲ್ಲ. ಇಬ್ಬರನ್ನೂ ದಾಖಲಿಸಿದ ವೇಳೆ ಗಂಟೆ, ನಿಮಿಷ, ಸೆಕೆಂಡಿನ ತನಕ ಒಂದೇ.

ಆದದ್ದು ಇಷ್ಟು. ಮೊದಲ ಕೌಂಟರ್ ಒಬ್ಬರ ಹೆಸರನ್ನು ಬರೆಯುತ್ತದೆ. ಆಮೇಲೆ ಡೇಟಾಬೇಸನ್ನು "ಕೊನೆಗೆ ಬರೆದ ಸಾಲಿನ ಸಂಖ್ಯೆ ಯಾವುದು?" ಎಂದು ಕೇಳಿ, ಚೀಟಿಯಲ್ಲಿರುವ ಟ್ಯೂಬಿನ ಸಂಖ್ಯೆಯನ್ನು ಆ ಸಾಲಿಗೆ ಜೋಡಿಸುತ್ತದೆ. ಬರೆಯುವುದಕ್ಕೂ ಕೇಳುವುದಕ್ಕೂ ನಡುವಿನ ಕಣ್ಣುರೆಪ್ಪೆ ಬಡಿಯುವಷ್ಟು ಸಮಯದಲ್ಲಿ ಎರಡನೇ ಕೌಂಟರ್ ಇನ್ನೊಬ್ಬರ ಹೆಸರನ್ನು ಬರೆದುಬಿಟ್ಟರೆ, ಮೊದಲ ಕೌಂಟರಿಗೆ ಸಿಗುವುದು ಎರಡನೆಯವರ ಸಾಲಿನ ಸಂಖ್ಯೆ. ಕನೆಕ್ಷನ್ ಬೇರೆಬೇರೆ ಇದ್ದಿದ್ದರೆ ಪ್ರತಿಯೊಂದೂ ತಾನು ಬರೆದದ್ದನ್ನೇ ನೆನಪಿಟ್ಟುಕೊಳ್ಳುತ್ತಿತ್ತು. ಒಂದೇ ಆದ್ದರಿಂದ ಅದಕ್ಕೆ ಕೊನೆಯದ್ದೊಂದೇ ನೆನಪು. ಇಬ್ಬರ ಟ್ಯೂಬೂ ಎರಡನೆಯವರಿಗೇ ಸೇರುತ್ತಿದ್ದವು. ಯಂತ್ರದಿಂದ ಯಾರ ಫಲಿತಾಂಶ ತಡವಾಗಿ ಬಂತೋ ಅದು ಮೊದಲಿನದನ್ನು ಅಳಿಸಿ ಕೂರುತ್ತಿತ್ತು. ಮಂಠಾಳದ ಬಸುರಿಯ ವರದಿಯಲ್ಲಿದ್ದದ್ದು ನಿರ್ಣಾದ ಗಂಡಸಿನ ರಕ್ತ.

ಇಂಥ ಜೋಡಿಗಳನ್ನು ಹುಡುಕಿದೆ. ಏಳು ಸಿಕ್ಕವು. ಅಕ್ಕಾರ ರಿಜಿಸ್ಟರ್ ಕಪಾಟಿನಲ್ಲೇ ಇತ್ತು. ಅವರ ಕಾಲದ ಆರು ದಿನಗಳನ್ನೂ ಅದರಲ್ಲಿ ತೆಗೆದು ತಾಳೆ ನೋಡಿದೆ. ಆರರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಆ ಮಧ್ಯಾಹ್ನ ಕಾಲೇಜಿಗೆ ರಜೆ ಹೇಳಿ ಅಲ್ಲೇ ಕೂತು ಎಲ್ಲವನ್ನೂ ಸರಿಮಾಡಿದೆ. ಪ್ರತಿ ಥ್ರೆಡ್ಡಿಗೆ ಅದರದೇ ಕನೆಕ್ಷನ್. ವ್ಯಕ್ತಿಯ ಹೆಸರು ಮತ್ತು ಟ್ಯೂಬಿನ ಸಂಖ್ಯೆ ಎರಡೂ ಒಂದೇ ಸಲಕ್ಕೆ, ನಡುವೆ ಯಾರೂ ನುಸುಳದ ಹಾಗೆ. ಪ್ರಿಂಟಿನ ಕೆಲಸ ಆಮೇಲೆ. ಲಾಕ್ ಇದ್ದರೆ ಕಾಯುವುದು. ಬಂದ್ ಮಾಡಿದ್ದ ಎಚ್ಚರಿಕೆಯನ್ನು ಮತ್ತೆ ತೆರೆದೆ. ಒಂದೇ ಹೊತ್ತಿಗೆ ನೂರು ಹೆಸರುಗಳನ್ನು ಎರಡು ಕಡೆಯಿಂದ ನುಗ್ಗಿಸುವ ಪರೀಕ್ಷೆಯನ್ನೂ ಬರೆದೆ. ನಾಲ್ಕು ತಾಸು ಹಿಡಿಯಿತು. ಎರಡು ದಿನವೂ ಬೇಕಿರಲಿಲ್ಲ.

ಹೊರಡುವಾಗ ಡಾಕ್ಟರು, "ಏನಿತ್ರಿ ಮೇಡಂ?" ಎಂದು ಕೇಳಿದರು.

"ಏನಿಲ್ರಿ ಸರ್. ಸಣ್ಣದೊಂದು ಅಪ್‌ಡೇಟ್ ಇತ್ತು," ಅಂದೆ.

ಇದನ್ನು ಬರೆಯುವಾಗ ಈಗಲೂ ಮುಖ ಸುಡುತ್ತದೆ. ಎಚ್ಚರಿಕೆ ಬಂದ್ ಮಾಡಿದ್ದು ಸೋಮಾರಿತನ, ಡಾಕ್ಟರ ಕೋಣೆಯಲ್ಲಿ ಆಡಿದ್ದು ಹೆದರಿಕೆ. ಇದು ಮಾತ್ರ ಎಲ್ಲವೂ ಗೊತ್ತಿದ್ದು ಹೇಳಿದ ಸುಳ್ಳು. ನಾಲ್ಕು ತಿಂಗಳು ಸುಮ್ಮನಿದ್ದೆ. ಅಕ್ಕಾರು ಹುಮನಾಬಾದಿಗೆ ಬಂದು ನಮ್ಮ ಮನೆಗೆ ಹತ್ತಿರದ ಒಂದು ಸಣ್ಣ ಲ್ಯಾಬಿನಲ್ಲಿ ಸೇರಿದ್ದಾರೆಂದು ಗೊತ್ತಾಯಿತು. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ನಾನು ಆ ರಸ್ತೆ ಬಿಟ್ಟು ತರಕಾರಿ ಸಂತೆಯ ಹಿಂದಿನ ಓಣಿಯಿಂದ ಓಡಾಡಲು ಶುರುಮಾಡಿದೆ.

ಒಂದು ದಿನ ಅಮ್ಮನಿಗೆ ಶುಗರ್ ನೋಡಿಸಬೇಕಿತ್ತು. ನಾನು ದೂರದ ಲ್ಯಾಬಿಗೆ ಹೋಗೋಣವೆಂದರೆ, ಮಂಡಿನೋವಿನ ಅಮ್ಮ ಕೇಳಲಿಲ್ಲ. "ಇಲ್ಲೇ ಮಗ್ಗಲದಾಗ ಅದಲ್ಲ, ಅಷ್ಟು ದೂರ ಯಾಕ?" ಎನ್ನುತ್ತ ನಡೆದೇಬಿಟ್ಟಳು. ಹಿಂದೆ ಹೋದೆ.

ಅಕ್ಕಾರು ನನ್ನನ್ನು ಕಂಡು ಒಂದು ಕ್ಷಣ ನಿಂತರು. ಆಮೇಲೆ, "ಬರ್ರಿ ಮೇಡಂ, ಕುಂದರ್ರಿ. ಅಮ್ಮಾರಾ ಇವರು?" ಎಂದು ಅಮ್ಮನ ಕೈ ಹಿಡಿದು ಕೂರಿಸಿದರು. ಸೂಜಿ ಚುಚ್ಚಿದ್ದು ಅಮ್ಮನಿಗೆ ಗೊತ್ತೇ ಆಗಲಿಲ್ಲ. ಟ್ಯೂಬಿನ ಮೇಲೆ ಹೆಸರು ಬರೆದು, ಅದನ್ನು ಅಮ್ಮನ ಕಣ್ಣಿನ ಹತ್ತಿರ ಹಿಡಿದರು.

"ಒಮ್ಮೆ ಓದ್ರಿ ಅಮ್ಮಾ. ನಿಮ್ಮ ಹೆಸರೇ ಅದ ಏನು?"

ಅಮ್ಮ ಓದಿ ಹೌದೆಂದಳು. ಅಕ್ಕಾರು ಇನ್ನೊಮ್ಮೆ ಓದಿಸಿದರು. ಅಮ್ಮನಿಗೆ ನಗು ಬಂತು. "ಎಷ್ಟು ಸಲ ಓದಿಸ್ತೀ ತಾಯಿ? ನನ್ನ ಹೆಸರು ನನಗ ಗೊತ್ತಿಲ್ಲೇನು?"

"ಇಲ್ರಿ ಅಮ್ಮಾ," ಅಂದರು ಅಕ್ಕಾರು. "ನನ್ನ ಕೈಯಿಂದ ಹಿಂದ ಒಮ್ಮೆ ದೊಡ್ಡ ಗಲತಿ ಆಗ್ಯದ. ಹ್ಯಾಂಗ ಆತಂತ ಇನ್ನಾ ತಿಳೀವಲ್ದು. ಅದಕ್ಕ ಈಗ ನನ್ನ ಮ್ಯಾಲ ನನಗೇ ಖಾತ್ರಿ ಇಲ್ಲ."

ಅವರು ಇದನ್ನು ನನಗೆ ಕುಟುಕಲು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಹದಿನೆಂಟು ವರ್ಷ ತಪ್ಪದ ಕೈ ತಪ್ಪಿದೆ ಎಂದು ಅವರು ನಿಜವಾಗಿ ನಂಬಿಬಿಟ್ಟಿದ್ದರು. ನಾನು ನಂಬಿಸಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ಅಮ್ಮನನ್ನು ಮನೆಗೆ ಕರೆತಂದು, ಚಪ್ಪಲಿ ಬಿಚ್ಚಿ, ಮತ್ತೆ ಹಾಕಿಕೊಂಡು ತಿರುಗಿ ಹೋದೆ.

ಅವರು ಊಟದ ಡಬ್ಬಿ ಬಿಚ್ಚುತ್ತಿದ್ದರು. ನಿಂತೇ ಹೇಳಿದೆ. "ಅಕ್ಕಾರ, ಆ ಗಲತಿ ನಿಮ್ಮದಲ್ಲ. ನನ್ನದು. ನನಗ ಗೊತ್ತಾಗಿ ನಾಲ್ಕು ತಿಂಗಳಾತು."

ಅವರಿಗೆ ಮೊದಲು ಅರ್ಥವಾಗಲಿಲ್ಲ. ಎರಡು ಕೌಂಟರ್, ಒಂದೇ ಕನೆಕ್ಷನ್, ಕೊನೆಯ ಸಂಖ್ಯೆ ಎಲ್ಲವನ್ನೂ ಒಂದು ಕಾಗದದ ಮೇಲೆ ಬರೆದು ತೋರಿಸಿದೆ. ಪೂರ್ತಿ ಕೇಳಿದರು.

"ಎಷ್ಟು ಸಲ ಆಗಿತ್ರಿ ಹಿಂಗ?" ಎಂದು ಕೇಳಿದರು.

"ಒಟ್ಟು ಏಳು. ನೀವಿದ್ದಾಗ ಆರು."

"ಯಾವ್ಯಾವ ದಿನ, ಹೇಳ್ರಿ."

ಹೇಳಿದೆ. ಒಂದೊಂದಕ್ಕೂ ಅವರು ತಲೆಯಾಡಿಸುತ್ತ, "ಅವತ್ತ ಜನರ ಮುಂದ ಅಂದ್ರು... ಅದಕ್ಕೇ ಕಣ್ಣು ತೋರಿಸ್ಕೊಂಡೆ..." ಎನ್ನುತ್ತಿದ್ದರು. ಮುಗಿದ ಮೇಲೆ ಡಬ್ಬಿಯ ಮುಚ್ಚಳ ಹಾಕಿದರು. ಊಟ ಮಾಡಲಿಲ್ಲ.

"ನನಗ ಹೇಳಿದ್ರಿ, ಆತು. ಆದ್ರ ನನ್ನ ಹೆಸರು ನನ್ನ ಮುಂದ ಹೋಗಿಲ್ಲ ಮೇಡಂ. ಎಲ್ಲಿ ಹೋಗ್ಯದೋ ಅಲ್ಲೇ ಬಂದು ಹೇಳ್ರಿ."

ಮರುದಿನ ಇಬ್ಬರೂ ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ಕೂಡಿ ಲ್ಯಾಬಿಗೆ ನಡೆದೆವು. ಡಾಕ್ಟರ ಮೇಜಿನ ಮೇಲೆ ಏಳು ಜೋಡಿಗಳ ವಿವರವನ್ನೂ, ತಪ್ಪು ನನ್ನದೆಂದು ಬರೆದು ಸಹಿ ಮಾಡಿದ ಪತ್ರವನ್ನೂ ಇಟ್ಟೆ. ಅವರು ಅದನ್ನು ಕೊನೆಯ ತನಕ ಓದಿದರು. ಆಮೇಲೆ ಬಾಗಿಲು ಹಾಕಿಸಿದರು.

"ಆಗಿದ್ದು ಆಗಿಹೋತು. ಇದು ಹೊರಗ ಬಿದ್ರ ಲ್ಯಾಬಿನ ಹೆಸರು ಏನಾಗ್ತದ, ವಿಚಾರ ಮಾಡೀರಾ?"

"ನನ್ನ ಹೆಸರು ಹೋದಾಗ ಯಾರೂ ಫಿಕರ್ ಮಾಡ್ಲಿಲ್ರಿ ಸರ್," ಅಂದರು ಅಕ್ಕಾರು. ಅವರು ಡಾಕ್ಟರಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಡಾಕ್ಟರು ಮೇಜಿನ ಮೇಲಿದ್ದ ಫೋನನ್ನು ನನ್ನ ಕಡೆ ಸರಿಸಿದರು.

ಆ ಹೊತ್ತಿಗೇ ಅಲ್ಲಿ ಕೂತು ಪಟ್ಟಿಯಲ್ಲಿದ್ದವರಿಗೆಲ್ಲ ನಾನೇ ಫೋನ್ ಮಾಡಿದೆ. ಹೆಚ್ಚಿನವರಿಗೆ ಏನೂ ಆಗಿರಲಿಲ್ಲ. ಚಿಟಗುಪ್ಪದ ಒಬ್ಬ ಅಜ್ಜನಿಗೆ ಮಾತ್ರ ಸಕ್ಕರೆ ಕಾಯಿಲೆ ಇದೆ ಎಂದು ವರದಿ ಹೋಗಿತ್ತು. ಆತ ಅಂದಿನಿಂದ ಗುಳಿಗೆ ನುಂಗುತ್ತಿದ್ದ, ಆಗಾಗ ಬೆವತು ಕೈಕಾಲು ನಡುಗುತ್ತವೆ ಎಂದ. ಡಾಕ್ಟರು ಫೋನ್ ಕಸಿದುಕೊಂಡು, ಗುಳಿಗೆ ನಿಲ್ಲಿಸಿ ಈಗಲೇ ಬರಲು ಹೇಳಿದರು. ಮತ್ತೆ ಪರೀಕ್ಷೆ ಮಾಡಿದಾಗ ಆತನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ನಾನು ಸುಮ್ಮನಿದ್ದ ನಾಲ್ಕು ತಿಂಗಳೂ ಆತ ಗುಳಿಗೆ ನುಂಗಿದ್ದ. ಇಲ್ಲದ ಕಾಯಿಲೆಗೆ ನುಂಗಿದ ಗುಳಿಗೆ ಆತನಿಗೆ ಏನಾದರೂ ಮಾಡಿದ್ದರೆ ಎಂದು ನೆನೆಸಿಕೊಂಡಾಗಲೆಲ್ಲ ಕೂತಲ್ಲಿ ಕೂರಲಾಗುವುದಿಲ್ಲ.

ಮಧ್ಯಾಹ್ನ ಮಂಠಾಳಕ್ಕೆ ಹೋದೆವು. ಮನೆಯ ಮುಂದಿನ ಕಟ್ಟೆಯ ಮೇಲೆ ಅತ್ತೆ ಜೋಳ ಹಸನು ಮಾಡುತ್ತಿದ್ದಳು. ಒಳಗೆ ಸೊಸೆ ಮಗುವನ್ನು ಮಲಗಿಸಿಕೊಂಡಿದ್ದಳು. ಅಕ್ಕಾರನ್ನು ಕಂಡ ಕೂಡಲೇ ಅತ್ತೆಯ ಮುಖ ಬಿಗಿಯಿತು. ನಾನು ಮುಂದೆ ಹೋಗಿ, ಅವಳಿಗೆ ತಿಳಿಯುವಷ್ಟು ಸರಳವಾಗಿ ಹೇಳಿದೆ. ಇವರು ಟ್ಯೂಬಿಗೆ ಸರಿಯಾದ ಹೆಸರೇ ಬರೆದಿದ್ದರು, ನಾನು ಮಾಡಿದ ಕಂಪ್ಯೂಟರ್ ಇನ್ನೊಬ್ಬರ ರಕ್ತವನ್ನು ನಿಮ್ಮ ಸೊಸೆಯ ಹೆಸರಿಗೆ ಹಾಕಿತು, ಆ ದಿನ ಡಾಕ್ಟರ ಕೋಣೆಯಲ್ಲಿ ನಾನು ಸುಳ್ಳಾಡಿದೆ.

ಅವಳು ಮೊರವನ್ನು ಕೆಳಗಿಟ್ಟಳು. ಎದ್ದು ಬಂದು ಅಕ್ಕಾರ ಎರಡೂ ಕೈಗಳನ್ನು ಹಿಡಿದುಕೊಂಡಳು.

"ಯವ್ವಾ, ಈ ಕೈಗೆ ನಾ ಹುಳ ಬೀಳ್ಲಿ ಅಂದಿದ್ನಲ್ಲ. ಅದನ್ನ ಹ್ಯಾಂಗ ವಾಪಸ್ ತಗೊಳ್ಲಿ ಹೇಳು?"

"ಇರ್ಲಿ ಬಿಡ್ರಿ. ನಿಮ್ಮ ಸಂಕಟ ನಿಮಗಿತ್ತು," ಎನ್ನುವಾಗ ಅಕ್ಕಾರ ದನಿ ಒಡೆಯಿತು. ಅಷ್ಟು ದಿನದಲ್ಲಿ ಅವರು ಅತ್ತದ್ದನ್ನು ನಾನು ಅಲ್ಲೇ ಕಂಡದ್ದು. ಸೊಸೆ ಮಗುವನ್ನು ತಂದು ಅವರ ಮಡಿಲಿಗೆ ಹಾಕಿದಳು. ಚಹಾ ಬಂತು. ನನಗೂ ಒಂದು ಕಪ್ಪು ಇಟ್ಟರು, ಆದರೆ ಆ ಮನೆಯಲ್ಲಿ ಇದ್ದಷ್ಟು ಹೊತ್ತು ಯಾರೂ ನನ್ನ ಮುಖ ನೋಡಲಿಲ್ಲ. ಸೊಸೆ ಮಾತ್ರ ಹೊರಡುವಾಗ ಹತ್ತಿರ ಬಂದು ಕೇಳಿದಳು: "ನನಗ ಕಣ್ಣಿಗೆ ಕತ್ತಲಿ ಬರ್ತದಂತ ನಾ ಹೇಳಿದ್ದೆ. ಕಾಗದ ನೋಡಿ ಯಾರೂ ನಂಬ್ಲಿಲ್ಲ. ಆ ಕಾಗದ ಬರದಾಕಿ ನೀವೇ ಏನು?" ಹೌದು ಎಂದೆ.

ಡಾಕ್ಟರು ಅಕ್ಕಾರನ್ನು ಮರಳಿ ಬರಲು ಕರೆದರು. ಅವರು ಹೋಗಲಿಲ್ಲ. "ಅಲ್ಲಿ ಸೂಜಿ ಹಿಡದ್ರ ಕೈ ನಡುಗ್ತದ್ರಿ," ಅಂದರಂತೆ. ಡಾಕ್ಟರು ನನ್ನ ಪ್ರೋಗ್ರಾಮನ್ನು ಲ್ಯಾಬಿನಿಂದ ತೆಗೆಸಿ ಬೇರೆಯವರದ್ದು ಹಾಕಿಸಿಕೊಂಡರು. ನಾನು ಬೇಡ ಅನ್ನಲಿಲ್ಲ. ಔಷಧಿ ಅಂಗಡಿಯದು, ಗ್ರಂಥಾಲಯದ್ದು, ನಾನು ಬರೆದ ಎಲ್ಲವನ್ನೂ ಒಂದೊಂದಾಗಿ ತೆರೆದು ನೋಡಿದೆ. ಇನ್ನೂ ಎರಡು ಕಡೆ ಅದೇ ಸಾಲು ಇತ್ತು. ಅಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಆದರೂ ಆ ಎರಡೂ ಕಡೆ ಹೋಗಿ, ಏನು ತಪ್ಪಿತ್ತು ಎಂದು ಹೇಳಿಯೇ ಸರಿಮಾಡಿ ಬಂದೆ. ಬೀಜದ ಅಂಗಡಿಯವರು ಪೂರ್ತಿ ಕೇಳುವ ಮೊದಲೇ ಗಿರಾಕಿಯ ಕಡೆ ತಿರುಗಿದರು.

ಅಕ್ಕಾರು ಈಗ ಹುಮನಾಬಾದಿನಲ್ಲೇ ಮನೆ ಮಾಡಿದ್ದಾರೆ. ತರಕಾರಿ ಕೊಳ್ಳುವಾಗ ಎದುರಾದರೆ ಅಮ್ಮನ ಶುಗರ್ ಹೇಗಿದೆ ಎಂದು ಕೇಳುತ್ತಾರೆ, ಉತ್ತರ ಹೇಳುತ್ತೇನೆ, ಅವರು ಮುಂದೆ ಹೋಗುತ್ತಾರೆ. ಟ್ಯೂಬಿನ ಮೇಲಿನ ಹೆಸರನ್ನು ಈಗ ಒಮ್ಮೆಯೇ ಓದಿಸುತ್ತಾರಂತೆ, ಅಮ್ಮ ಹೇಳಿದಳು. ಕ್ಷಮಿಸಿದೆ ಎಂದು ಅವರು ಹೇಳಿಲ್ಲ, ನಾನೂ ಕೇಳಿಲ್ಲ. ಒಂದು ಮಾತ್ರ ಬದಲಾಗಿದೆ. ಮಂಠಾಳಕ್ಕೆ ಹೋಗಿ ಬಂದ ದಿನದಿಂದ ಅವರು ನನ್ನನ್ನು ಮೇಡಂ ಅನ್ನುವುದನ್ನು ಬಿಟ್ಟಿದ್ದಾರೆ. ಬೇರೆ ಏನೂ ಕರೆಯುವುದಿಲ್ಲ.